ಹನ್ನೆರಡು ಅಕ್ಷರದ ಬೋರ್ಡು

ಅನ್ನೂರು,
12-10-2025, ಭಾನುವಾರ

ಚಿರಂಜೀವಿ ವಿನೋದಿನಿಗೆ,

ಅನ್ನೂರಿನ ಬೆಳ್ಳಿಯಪ್ಪ ಗೌಡರ ಹಿರಿಯ ಸೊಸೆ ಕಮಲಾತಾಳ್ ಬರೆಯುವುದು. ನಲವತ್ತೊಂದು ವರ್ಷದಿಂದ ಈ ಮನೆಯ ಬೀಗದ ಕೈ ನನ್ನ ಸೊಂಟದಲ್ಲಿದೆ. ನಮ್ಮವರಲ್ಲಿ ಹೆಣ್ಣು ನೋಡುವುದಿರಲಿ, ಸೀಮಂತವಿರಲಿ, ಸಾವಿರಲಿ, ಮೊದಲ ಕರೆ ಬರುವುದು ನನಗೆ. ಹೇಳಿದ ಮಾತನ್ನು ಎರಡನೆಯ ಸಲ ಹೇಳಿದವಳಲ್ಲ, ಹಿಂದಕ್ಕೆ ತೆಗೆದುಕೊಂಡವಳಂತೂ ಅಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಮೊದಲೇ ಬರೆದಿಡುತ್ತಿದ್ದೇನೆ. ಕಾಗದ ಮುಗಿಯುವ ಹೊತ್ತಿಗೆ ಇದರಲ್ಲಿ ಎಷ್ಟು ಉಳಿದಿರುತ್ತದೋ ನನಗೇ ತಿಳಿಯದು.

ಚಿರಂಜೀವಿ ಎಂದು ಬರೆಯುವಾಗ ಪೆನ್ನು ನಿಂತಿತು. ಏಳು ವರ್ಷದ ಹಿಂದೆ, ನಿನ್ನ ನಿಶ್ಚಯದ ಚಪ್ಪರ ಬಿಚ್ಚಿದ ಮಧ್ಯಾಹ್ನ, ಹಿತ್ತಿಲ ತೊಟ್ಟಿಯಿಂದ ಮೂರು ಚೊಂಬು ನೀರು ತಲೆಗೆ ಸುರಿದುಕೊಂಡೆನಲ್ಲ, ಬದುಕಿರುವ ಮಗಳಿಗೆ ಸತ್ತವರ ಸ್ನಾನ. ನೀನು ಚೀಲ ಹಿಡಿದು ಬೇವಿನ ಮರದ ಕೆಳಗೆ ನಿಂತು ಅದನ್ನು ನೋಡಿದೆ. ಹಾಗೆ ತೊರೆದ ಮಗಳಿಗೆ ಬಹುಕಾಲ ಬಾಳು ಎಂದು ಬರೆಯುವುದು ನಾಚಿಕೆಗೇಡು. ಆದರೆ ಹಿರಿಯರು ಕಿರಿಯರಿಗೆ ಬರೆಯುವಾಗ ಬೇರೆ ಪದವನ್ನು ನನ್ನ ಶಾಲೆಯಲ್ಲಿ ಕಲಿಸಲಿಲ್ಲ.

ಕೊಯಮತ್ತೂರಿನ ಪೀಳಮೇಡಿನಲ್ಲಿರುವ ನಿನ್ನ ಹಾಸ್ಟೆಲಿನ ವಿಳಾಸ ಕೊಟ್ಟವಳು ಗೋಕಿಲಾ. ಅವಳ ಮೇಲೆ ಸಿಟ್ಟಾಗಬೇಡ. ನಾನು ಕೇಳಿದಾಗ ಕೊಡದೆ ಇರುವ ಧೈರ್ಯ ನನ್ನ ಸೊಸೆಗೆ ಇನ್ನೂ ಬಂದಿಲ್ಲ.

ವಿಷಯಕ್ಕೆ ಬರುತ್ತೇನೆ. ಈಗ ಊರಿಗೆ ಊರೇ ಆಡುತ್ತಿದೆ. ಹಾಲಿನ ಸೊಸೈಟಿಯ ತಿರುಮಲೈಸಾಮಿಯನ್ನು ನೀನು ಬಲ್ಲೆ. ನರೆತ ಮೀಸೆಯ ಮನುಷ್ಯ. ಹಾಲಿನ ಕ್ಯಾನುಗಳು ಸಾಲಾಗಿ ಕಾದಿದ್ದರೆ ಅವನು ಫೋನಿನಲ್ಲಿ ಬಂದೂಕು ಹಿಡಿದು ಯಾವುದೋ ದ್ವೀಪದಲ್ಲಿ ಓಡಾಡುತ್ತಿರುತ್ತಾನೆ. ಹಾಲು ಅಳೆಯಪ್ಪ ಎಂದರೆ, “ಇರೀಂಗಮ್ಮಾ, ಈಗ ಎದ್ರೆ ನನ್ನ ಗುಂಡಿಕ್ಕಿ ಸುಟ್ಟುಬುಡ್ತಾರೆ” ಎನ್ನುತ್ತಾನೆ. ಸುಟ್ಟರೆ ಪೀಡೆ ಹೋಯಿತು ಎಂದು ನಾನೂ ಹೇಳಿದ್ದೇನೆ. ಎದುರುಮನೆಯ ಜಾನಕಿಯಮ್ಮನಿಗೆ ಎಪ್ಪತ್ತೆರಡು. ಸಿಂಗಪುರದಲ್ಲಿರುವ ಮಗಳ ಜೊತೆ ಲೂಡೋ ಆಡುತ್ತಾಳೆ. ಕಾಯಿ ಹೊಡೆದಳೆಂದು ಮಗಳ ಮೇಲೆ ನಾಲ್ಕು ದಿನ ಮುನಿಸಿಕೊಂಡು ಇಡೀ ಬೀದಿಗೆ ದೂರು ಹೇಳಿದಳು. ಕೊಯಮತ್ತೂರಿಗೆ ಹೋಗುವ ಟೌನ್ ಬಸ್ಸು ಹತ್ತಿದರೆ ಕಾಲೇಜಿನ ಹೆಣ್ಣುಮಕ್ಕಳಿಂದ ಹಿಡಿದು ಮಿಲ್ಲಿನ ಮೇಸ್ತ್ರಿಯವರೆಗೆ ಒಬ್ಬರ ಮುಖವೂ ಕಾಣುವುದಿಲ್ಲ, ನೆತ್ತಿಗಳೇ ಕಾಣುತ್ತವೆ. ಬಣ್ಣದ ಮಿಠಾಯಿ ಒಡೆಯುತ್ತಾರೆ, ಕಾರು ಓಡಿಸುತ್ತಾರೆ, ಚೆಂಡು ಹೊಡೆಯುತ್ತಾರೆ. ದುಡಿಯುವ ವಯಸ್ಸಿನವರೆಲ್ಲ ಆಡುವ ಕಾಲ ಬಂತಲ್ಲ ಎಂದು ನಾನು ಎಲ್ಲರೆದುರಿಗೂ ಹೇಳಿಕೊಂಡು ತಿರುಗಿದೆ. ನನ್ನ ಮನೆಯಲ್ಲೂ ಅದೇ ನಡೆದಿತ್ತು.

ಎರಡು ವರ್ಷವಾಯಿತು. ಸಂಜೆ ಐದೂವರೆಗೆ ನಿನ್ನ ಅಪ್ಪ ಬಾಗಿಲ ಮುಂದಿನ ತಿಣ್ಣೆಯ ಮೇಲೆ, ನಿನ್ನ ಅಣ್ಣ ಸೆಂದಿಲ್ ಮಿಲ್ಲಿನಿಂದ ಬಂದ ಕಾಲಿನಲ್ಲೇ ಮೆಟ್ಟಿಲ ಮೇಲೆ, ಗೋಕಿಲಾ ಅಡುಗೆಮನೆಯಲ್ಲಿ ಒಲೆಯ ಪಕ್ಕ. ಮೂರು ಜನ, ಮೂರು ಫೋನು, ಬಾಯಲ್ಲಿ ಮಾತಿಲ್ಲ. ಏನದು ಎಂದು ಒಮ್ಮೆ ಕೇಳಿದೆ. ತೋಟದ ಆಟವಂತೆ. ಉಳುವುದು, ಬಿತ್ತುವುದು, ಕೊಯ್ಯುವುದು, ಹಸು ಕೋಳಿ ಸಾಕುವುದು. ನನಗೆ ಮೈ ಉರಿಯಿತು. ನಮ್ಮ ಕೊಳವೆಬಾವಿಯ ಕೆಳಗೆ ಆರು ಎಕರೆ ಜೋಳದ ಹೊಲವಿದೆ, ಹನಿ ನೀರಾವರಿಯ ಪೈಪನ್ನು ಇಲಿ ಕಡಿದು ಎರಡು ಸಾಲು ಒಣಗುತ್ತಿದೆ, ಇವರು ಗಾಜಿನ ಮೇಲೆ ಬೆರಳಿಟ್ಟು ಗೋದಿ ಬೆಳೆಯುತ್ತಿದ್ದಾರೆ. ಗೋದಿ! ಅನ್ನೂರಿನಲ್ಲಿ ಹುಟ್ಟಿದ ಯಾರಾದರೂ ಗೋದಿಯ ಪೈರನ್ನು ಕಣ್ಣಿಂದ ನೋಡಿದ್ದಾರೆಯೇ? ಬೇಕಾದಷ್ಟು ಬೈದೆ. ನಾನು ಬೈಯುವಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅದನ್ನು ತಪ್ಪಿತಸ್ಥರ ನೋಟ ಎಂದುಕೊಂಡೆ. ತಪ್ಪಿತಸ್ಥರದೇ ನೋಟ. ಯಾವ ತಪ್ಪಿನದು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ಕಳೆದ ತಿಂಗಳು ಇಪ್ಪತ್ತೆರಡನೇ ತಾರೀಕು ನಿನ್ನ ಅಪ್ಪನಿಗೆ ಕೊಯಮತ್ತೂರಿನಲ್ಲಿ ಕಣ್ಣಿನ ಪೊರೆ ತೆಗೆದರು. ಗಾಬರಿಯಾಗಬೇಡ, ಚೆನ್ನಾಗಿ ಆಯಿತು. ಹತ್ತು ದಿನ ಕಪ್ಪು ಕನ್ನಡಕ ಹಾಕಿಕೊಂಡಿರಬೇಕು, ಫೋನು ಮುಟ್ಟಲೇಬಾರದು ಎಂದರು ಡಾಕ್ಟರು. ಡಾಕ್ಟರು ಹೇಳಿದ ಮೇಲೆ ಅವರು ಉಸಿರನ್ನೂ ಎಣಿಸಿಯೇ ಬಿಡುವವರು. ಗೋಕಿಲಾ ತಂಗಿಯ ಬಾಣಂತನಕ್ಕೆಂದು ತಿರುಪ್ಪೂರಿಗೆ ಹೋಗಿದ್ದಳು. ಸೆಂದಿಲ್‌ಗೆ ಬೆಳಗಿನ ಪಾಳಿ. ಮೂರನೆಯ ದಿನ ತಿಂಡಿಯಾದ ಮೇಲೆ ಅವರು ನನ್ನನ್ನು ಕರೆದರು. “ಕಮಲಾ, ಒಂದು ಸೊಲ್ಲು ಹೇಳ್ತೀನಿ, ಬಯ್ಯಬೇಡ. ಹಸುಗಳು ಮೂರು ದಿನದಿಂದ ಹಸ್ಕೊಂಡವೆ.”

ಕೊಟ್ಟಿಗೆ ಖಾಲಿಯಾಗಿ ನಾಲ್ಕು ವರ್ಷ. ಔಷಧಿ ತಲೆಗೇರಿತೇ ಎಂದುಕೊಂಡೆ. ಯಾವ ಹಸು ಎಂದು ಕೇಳಿದರೆ, “ಫೋನ್‌ನಲ್ಲಿರಾವು, ಪಾಪ” ಎಂದರು. ನಿಜವಾದ ಹಸುಗಳಿದ್ದಾಗ ಒಂದು ದಿನ ಬಾನಿ ತೊಳೆಯದ ಗಂಡಸು. ನಮ್ಮ ಕೆಂಪಿ ಹಸುವನ್ನು ಕಾಂಗೇಯದ ಸಂತೆಗೆ ಹೊಡೆದುಕೊಂಡು ಹೋದಾಗ ತಿರುಗಿಯೂ ನೋಡದವರು, ಗಾಜಿನೊಳಗಿನ ಹಸುವಿಗೆ ಮರುಗುತ್ತಿದ್ದಾರೆ. ಇದನ್ನೆಲ್ಲ ಅವರ ಮುಖಕ್ಕೇ ಹೇಳಿದೆ. ಅವರು ಎಲ್ಲವನ್ನೂ ಕೇಳಿಕೊಂಡು, “ಮೇವು ಎಡಗಡೆ ಅದೆ” ಎಂದರು.

ಕೊನೆಗೆ ಹಾಕಿದೆ. ಮುಟ್ಟಿದರೆ ತಲೆಯಾಡಿಸಿ ತಿನ್ನುತ್ತವೆ. ಸಗಣಿ ಇಲ್ಲ, ಕಾಲುಬಾಯಿ ರೋಗವಿಲ್ಲ, ಕರು ಸತ್ತಿತೆಂದು ಹಾಲು ಬತ್ತುವುದಿಲ್ಲ. ಮುಗಿಯಿತಲ್ಲ ಎಂದು ಇಡಲು ಹೋದರೆ, “ಹಂಗೇ ಪಕ್ಕದ ತೋಟಕ್ಕೂ ಹೋಗಿ ಮರಕ್ಕೆ ನೀರು ಬಿಟ್ಟುಬುಡು. ಅವರು ಸುಮಾರು ದಿನವಾಯ್ತು ಬಂದು” ಎಂದರು. ಅವರು ಯಾರು ಎಂದು ಕೇಳಿದೆ. ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ನಾನು ಅವರು ಹೇಳಿದ ಕಡೆ ಬೆರಳಿಟ್ಟೆ. ಇನ್ನೊಂದು ತೋಟ ತೆರೆಯಿತು. ಗೇಟಿನ ಪಕ್ಕ ಮರದ ಬೋರ್ಡು. ಅದರ ಮೇಲೆ ಕನ್ನಡ.

ಇನ್ನು ಬರೆಯಲ್ಲ ಅವ್ವಾ.

ವಿನೋದಿನಿ, ಈ ಮನೆಯಲ್ಲಿ ನನ್ನ ಕೈಯಿಂದಲ್ಲದೆ ಬೇರೆ ಕಡೆಯಿಂದ ಬಂದ ಕನ್ನಡ ಅಕ್ಷರವನ್ನು ನಾನು ನೋಡಿದ್ದೇ ಇಲ್ಲ. ಕ್ಯಾಲೆಂಡರು ತಮಿಳು, ಬಸ್ಸಿನ ಬೋರ್ಡು ತಮಿಳು, ಮದುವೆಯ ಕರೆಯೋಲೆ ತಮಿಳು. ಮನೆಯೊಳಗೆ ಆಡುವುದು ಕನ್ನಡವಾದರೂ ಓದಬಲ್ಲವರು ಯಾರಿದ್ದಾರೆ? ಕೊಳ್ಳೇಗಾಲದ ಅಜ್ಜಿಯ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಓದಿದ ನಾನೊಬ್ಬಳು. ಏಳು ವರ್ಷದವಳಿದ್ದಾಗ ರುಬ್ಬುವ ಕಲ್ಲಿನ ಪಕ್ಕ ಕೂರಿಸಿ, ನೆಲದ ಮೇಲೆ ಅಕ್ಕಿ ಹಿಟ್ಟು ಹರಡಿ ನಾನು ಬೆರಳು ಹಿಡಿದು ತಿದ್ದಿಸಿದ ನೀನೊಬ್ಬಳು. ಸೆಂದಿಲ್ ಎರಡನೆಯ ದಿನವೇ ಓಡಿಹೋದ. ಹಾಗಾಗಿ ಆ ಬೋರ್ಡು ಯಾರಿಗೆ ಎಂದು ನಾನು ಕೇಳಬೇಕಾಗಿರಲಿಲ್ಲ.

“ಏನು ಬರ್ದದೆ?” ಎಂದು ಕೇಳಿದರು ನಿನ್ನ ಅಪ್ಪ. ಕಪ್ಪು ಕನ್ನಡಕದ ಮುಖವನ್ನು ನನ್ನ ಕಡೆ ತಿರುಗಿಸಿ ಕೇಳಿದರು. ನಾನು, “ಚೆನ್ನಾಗಿದೀನಿ ಅಂತ ಬರ್ದವಳೆ” ಎಂದೆ. ಅವರು, “ಹಂಗಾ?” ಎಂದು ನಕ್ಕರು. ಇವತ್ತಿಗೂ ಹಾಗೆಯೇ ನಂಬಿಕೊಂಡು, ಕಣ್ಣು ವಾಸಿಯಾದ ಮೇಲೆ ದಿನವೂ ನಿನ್ನ ಮರಕ್ಕೆ ನೀರು ಬಿಡುತ್ತಿದ್ದಾರೆ. ನಿಜ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಆಮೇಲೆ ನಾನು ಏನು ಮಾಡಿರಬಹುದು ಎಂದು ನೀನು ಊಹಿಸಬಲ್ಲೆ. ಕೂಗಾಡಿದೆ. ಈ ಮನೆಯವರು ಯಾರೂ ಅವಳ ಜೊತೆ ಮಾತಾಡಕೂಡದು, ಕಾಗದ ಬರೆಯಕೂಡದು, ಅವಳ ಮನೆಯ ನೀರು ಕುಡಿಯಕೂಡದು ಎಂದು ಎಲ್ಲರೆದುರು ಹೇಳಿದ್ದು ನಾನಲ್ಲವೇ, ಎರಡು ವರ್ಷ ಬೆನ್ನ ಹಿಂದೆ ಇದೇನು ನಡೆಸಿದ್ದೀರಿ ಎಂದೆ. ನಿನ್ನ ಅಪ್ಪ ಕೈ ಮುಗಿಯಲಿಲ್ಲ, ಎದುರಾಡಲೂ ಇಲ್ಲ. “ನಾ ಮಾತಾಡ್ನಿಲ್ಲ. ನಿನ್ನ ಸೊಲ್ಲು ಮೀರ್ನಿಲ್ಲ. ಅದ್ರಲ್ಲಿ ಬರ್ಯಾಕೆ ಜಾಗ ಅದೆ, ನಾ ಒಂದು ಅಕ್ಷರ ಬರೀನಿಲ್ಲ. ಗೋದಿ ಕೇಳುದ್ಲು, ಗೋದಿ ಕೊಟ್ಟೆ. ಮೊಟ್ಟೆ ಕೇಳುದ್ಲು, ಮೊಟ್ಟೆ ಕೊಟ್ಟೆ. ಅಷ್ಟೆ” ಎಂದರು. ಮಗಳ ಜೊತೆ ಮಾತಾಡದೆ, ನನ್ನ ಮಾತನ್ನು ಅಕ್ಷರಶಃ ಉಳಿಸಿಕೊಂಡು, ಸುಳ್ಳು ಗೋದಿಯಿಂದ ಎರಡು ವರ್ಷ ಮಗಳನ್ನು ಸಾಕಿದ್ದಾರೆ ಆ ಮನುಷ್ಯ. ಮೀರಿದ್ದರೆ ಜಗಳವಾಡಬಹುದಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರೇ, “ಟ್ರಂಕಿನಲ್ಲಿ ನನ್ನ ಪಂಚೆ ಕೆಳಗೆ ಒಂದು ಕಟ್ಟು ಅದೆ, ತಗೊಂಡು ಬಾ” ಎಂದರು. ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟದ್ದು. ಒಟ್ಟು ನೂರಾ ಆರು. ಪ್ರತಿಯೊಂದರ ಹಿಂದೆ ಪೆನ್ಸಿಲ್ಲಿನಲ್ಲಿ ಏನೋ ಬಿಡಿಸಿದೆ. ಸೋಮವಾರ ಸೋಮವಾರ ನೀನು ಬೋರ್ಡು ಬದಲಾಯಿಸುತ್ತಿದ್ದೆಯಂತೆ. ಅದು ಕನ್ನಡ ಎಂದು ಅವರಿಗೆ ಗೊತ್ತು, ಓದಲು ಬಾರದು. ಯಾರಿಗೆ ಬರೆದದ್ದು ಎಂಬುದೂ ಗೊತ್ತು, ಕೇಳಲು ಭಯ. ಕೇಳಿದರೆ ಆಟ ಹೊರಬೀಳುತ್ತದೆ, ಆಟವನ್ನೂ ನಾನು ಬೇಡವೆನ್ನುತ್ತೇನೆ. ಅದಕ್ಕೇ ಅಕ್ಷರಗಳನ್ನು ಚಿತ್ರದ ಹಾಗೆ ನೋಡಿ ನೋಡಿ ಬಿಡಿಸಿಕೊಂಡು ಇಟ್ಟಿದ್ದಾರೆ, ಎಂದಾದರೂ ತೋರಿಸಬಹುದೆಂದು. ಒತ್ತಕ್ಷರಗಳೆಲ್ಲ ಬಸವನಹುಳುವಿನಂತೆ ಸುತ್ತಿಕೊಂಡಿವೆ. ಕೆಲವು ಹಾಳೆಗಳಲ್ಲಿ ಸೊನ್ನೆ ಎಲ್ಲಿ, ದೀರ್ಘ ಎಲ್ಲಿ ಎಂದು ಹಿಡಿಯಲು ನನಗೆ ಅರ್ಧ ಗಂಟೆ ಬೇಕಾಯಿತು.

ಮೊದಲನೆಯದರಲ್ಲಿ ‘ಅವ್ವಾ ಉಂಡ್ಯಾ’ ಎಂದಿತ್ತು. ಅದು ಎರಡು ವರ್ಷದ ಹಿಂದಿನ ಆಡಿ ಮಾಸ, ಆಗಸ್ಟಿನ ಮೊದಲ ಸೋಮವಾರ. ಆಮೇಲೆ ಮಂಡಿ ನೋವು ಹೆಂಗಿದೆ. ಅಲ್ಲಿ ಮಳೆ ಬಂತಾ. ಕೋಪ ಇಳೀತಾ. ಜ್ವರ ಬಿಟ್ಟಿತು ಎಂದು ಒಂದು ಹಾಳೆ. ಜ್ವರ ಬಂದದ್ದೇ ನನಗೆ ಗೊತ್ತಿಲ್ಲ, ಬಿಟ್ಟದ್ದು ಹತ್ತು ತಿಂಗಳ ಮೇಲೆ ತಿಳಿಯಿತು. ‘ನಿನ್ನ ಅಕ್ಷರ ಅನ್ನ ಕೊಡ್ತು’ ಎಂಬುದರ ಅರ್ಥ ಆಗಲಿಲ್ಲ. ಗೋಕಿಲಾ ತಿರುಪ್ಪೂರಿನಿಂದ ಬಂದ ಮೇಲೆ ಹೇಳಿದಳು, ಆಟದೊಳಗೆ ನೀನು ಅವಳಿಗೆ ತಮಿಳಿನಲ್ಲಿ ಬರೆದು ತಿಳಿಸಿದ್ದೆಯಂತೆ. ಫೋನಿನ ಆಟ ಮಾಡುವ ಕಂಪನಿಯಲ್ಲಿ ನಿನಗೆ ಕೆಲಸ ಸಿಕ್ಕಿತಂತೆ, ಆಟದ ಕನ್ನಡವನ್ನು ಓದಿ ತಿದ್ದುವುದಂತೆ, ಕನ್ನಡ ಓದಬಲ್ಲವರು ಅಲ್ಲಿ ಬೇರೆ ಸಿಗಲಿಲ್ಲವಂತೆ. ಹಿಟ್ಟಿನ ಮೇಲೆ ನಾನು ತಿದ್ದಿಸಿದ್ದು ನಿನ್ನ ತಟ್ಟೆಗೆ ಬಿತ್ತು. ನಾನು ಬೇರೆ ಏನನ್ನೂ ಹಾಕಲಿಲ್ಲ.

ಗೋಕಿಲಾಳನ್ನು ಎದುರಿಗೆ ನಿಲ್ಲಿಸಿ ಕೇಳಿದೆ. “ಅತ್ತೆ, ನೀವು ಫೋನು ಬೇಡ ಅಂದ್ರಿ, ಕಾಗದ ಬೇಡ ಅಂದ್ರಿ. ಆಟ ಬೇಡ ಅನ್ನಿಲ್ಲ” ಎಂದಳು. ಸೆಂದಿಲ್ ಬಾಗಿಲ ಹಿಂದೆ ನಿಂತು ನಕ್ಕುಬಿಟ್ಟ. ಅವನಿಗೆ ಒಂದು ಬಿಟ್ಟೆ. ಮೂವತ್ತಾರು ವರ್ಷದ ಗಂಡಸಿಗೆ, ಹೆಂಡತಿಯೆದುರು. ಅವನು ಕೆನ್ನೆ ಉಜ್ಜಿಕೊಂಡು, “ತಂಗಿಗೂ ಒಂದು ಇಟ್ಕೋ ಅವ್ವಾ, ಬಂದಾಗ ಕೊಡುವಂತೆ” ಎಂದ.

ನನ್ನ ಸಿಟ್ಟು ನಿನ್ನ ಮೇಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ಜನ ಕೂತಿದ್ದಾಗ, ತಟ್ಟೆಯಲ್ಲಿ ವೀಳ್ಯ ಇಟ್ಟಾಗಿದ್ದಾಗ, ನೀನು ಎದ್ದು ನಿಂತು ‘ನನಗೆ ಈ ಮದುವೆ ಬೇಡ’ ಎಂದೆ. ಕಾರಣ ಕೇಳಿದರೆ ನೆಲ ನೋಡಿದೆ. ದಂಡಪಾಣಿಯಣ್ಣ ನನಗೆ ಒಬ್ಬನೇ ಅಣ್ಣ. ಅವನ ಮಗ ಕಾರ್ತಿಕೇಯನ್‌ಗೆ ನೀನು ಹುಟ್ಟಿದಂದಿನಿಂದ ಹಕ್ಕಿನ ಹೆಣ್ಣು. ಅಣ್ಣ ವೆಳ್ಳಕೋಯಿಲ್‌ನಿಂದ ಎರಡು ವ್ಯಾನು ಜನ ಕರೆದುಕೊಂಡು ಬಂದಿದ್ದ. ಆ ಜನರ ಮುಂದೆ ಅವನು ಹೆಗಲ ಮೇಲಿನ ಟವೆಲು ಕೊಡವಿ ಎದ್ದು, “ಈ ಹೆಣ್ಣು ಈ ಹೊಸ್ತಿಲು ತುಳೀತಾ ಇರೋ ತನಕ ನಾನು ತುಳಿಯಲ್ಲ, ನಿನಗೆ ತವರಿಲ್ಲ” ಎಂದ. ತವರಿಲ್ಲ ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ಸತ್ತಾಗ ಮೈಮೇಲೆ ಮೊದಲು ಬೀಳಬೇಕಾದ್ದು ತವರಿನ ಸೀರೆ. ಅದಿಲ್ಲದೆ ಹೋದವಳನ್ನು ನಮ್ಮವರು ಎಷ್ಟು ವರ್ಷ ಆಡಿಕೊಳ್ಳುತ್ತಾರೆ! ಅದಕ್ಕೇ ಆ ಮೂರು ಚೊಂಬು ನೀರು. ಸೀರೆ ಮತ್ತೆ ಬರತೊಡಗಿತು, ಪ್ರತಿ ದೀಪಾವಳಿಗೆ, ಒಂದು ವಾರ ಮುಂಚೆ. ನಾನು ಅದನ್ನು ಉಟ್ಟುಕೊಂಡು ಎಲ್ಲರ ಮನೆಯ ಶುಭಕಾರ್ಯಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಕಾರ್ತಿಕೇಯನ್ ಮರುವರ್ಷ ಕರೂರಿನ ಹೆಣ್ಣನ್ನು ಮದುವೆಯಾದಾಗ, ಮನಸ್ಸು ಮುರಿದವನು ಪಾಪ ಎದ್ದು ನಿಂತನಲ್ಲ ಎಂದು ಎಲ್ಲರೂ ಹೊಗಳಿದರು. ನಾನೂ ಅಕ್ಷತೆ ಹಾಕಿದೆ.

ಒಂದು ಹಾಳೆಯಲ್ಲಿ ‘ಕಾರಣ ಒಂದಿನ ಹೇಳ್ತೀನಿ’ ಎಂದು ಬರೆದಿದ್ದೀಯೆ. ಹೇಳಬೇಕಾಗಿಲ್ಲ.

ಹಾಳೆಗಳನ್ನು ಓದಿ ಮುಗಿಸಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ, ಸೋಮವಾರ, ಗೋಕಿಲಾಳನ್ನು ಕರೆದು ನಿನ್ನ ಅಪ್ಪನ ಫೋನಿಗೆ ಕನ್ನಡ ಅಕ್ಷರ ಬರುವಂತೆ ಮಾಡು ಎಂದೆ. ಅವಳು ಮಾಡಿಕೊಟ್ಟಳು. ಅವರ ತೋಟದ ಬೋರ್ಡಿನ ಮೇಲೆ ಬೆರಳಿಟ್ಟು ಹುಡುಕಿ ಹುಡುಕಿ ಒಂದೇ ಪದ ಬರೆದೆ. ‘ಉಂಡೆ’ ಎಂದು. ಎರಡು ವರ್ಷದ ಹಿಂದಿನ ಪ್ರಶ್ನೆಗೆ ಬೇರೆ ಉತ್ತರ ನನಗೆ ಹೊಳೆಯಲಿಲ್ಲ. “ಏನತ್ತೆ ಅದು?” ಎಂದು ಗೋಕಿಲಾ ಕೇಳಿದಳು. ನಿನ್ನ ಕೆಲಸ ನೋಡು ಎಂದೆ. ದಿನವೂ ನಾನೇ ಹೋಗಿ ನಿನ್ನ ತೋಟ ನೋಡಿದೆ. ಹೌದು, ನಾನು. ಐದೂವರೆಗೆ ತಿಣ್ಣೆಯ ಮೇಲೆ ನಿನ್ನ ಅಪ್ಪನ ಪಕ್ಕ ಕೂತು, ಕನ್ನಡಕ ಮೂಗಿಗೇರಿಸಿಕೊಂಡು. ಎದುರುಮನೆಯ ಜಾನಕಿಯಮ್ಮ ಗೇಟಿನಲ್ಲಿ ನಿಂತು, “ಏನ್ ಕಮಲಾ, ನೀನೂ ಹಾಳಾದ್ಯಾ?” ಎಂದು ಕೇಳಿದಳು. ಆಗಿದ್ದೇನೆ ಎಂದೆ. ಹದಿಮೂರು ದಿನ ನೋಡಿದೆ. ನಿನ್ನ ಗೋದಿ ಮಾಗಿ ನಿಂತೇ ಇದೆ, ಕೊಯ್ಯುವವರಿಲ್ಲ. ನಿನ್ನ ಕೊನೆಯ ಹಾಳೆಯ ತಾರೀಕು ಆಗಸ್ಟ್ ಹನ್ನೊಂದು. ನೀನು ಹೋದ ಮೇಲೆ ನಾನು ಬಂದಿದ್ದೇನೆ. ಅಲ್ಲಿ ಬರೆದರೆ ನೀನು ನೋಡುವುದಿಲ್ಲ ಎಂದು ಖಾತ್ರಿಯಾಯಿತು.

ಮೊನ್ನೆ ಬುಧವಾರ ವೆಳ್ಳಕೋಯಿಲ್‌ನಿಂದ ಸೀರೆ ಬಂತು. ಅರಿಸಿನ ಬಣ್ಣ, ಕೆಂಪು ಅಂಚು. ಕವರು ಬಿಚ್ಚಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಿನಾಶಿಯ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದರಲ್ಲಿ ತಿರುಪ್ಪೂರಿಗೆ ಹೋಗಿ, ಕಾಂಗೇಯದ ಮೇಲೆ ಹೋಗುವ ಬಸ್ಸಿನಲ್ಲಿ ಒಬ್ಬಳೇ ವೆಳ್ಳಕೋಯಿಲ್‌ಗೆ ಹೋದೆ. ಮಂಡಿ ಹೆಂಗಿದೆ ಎಂದು ಕೇಳಿದ್ದೆಯಲ್ಲ, ಮೂರು ಬಸ್ಸು ಹತ್ತಿಳಿಯುವಷ್ಟು ಇದೆ.

ಅಣ್ಣ ಹಜಾರದಲ್ಲಿ ಕೂತಿದ್ದ. ರಾಮಾಯಿ ಅತ್ತಿಗೆ ನೀರು ತಂದಳು, ಮುಟ್ಟಲಿಲ್ಲ. ಕಾರ್ತಿಕೇಯನ್ ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿ ಕಾರು ಓಡಿಸುತ್ತಿದ್ದ. ನನ್ನನ್ನು ನೋಡಿ ತಲೆಯೆತ್ತಿದ. ಅವನ ಕಾರು ಗೋಡೆಗೆ ಗುದ್ದಿದ ಸದ್ದು ಕೇಳಿಸಿತು. ನಾನು ಸೀರೆಯ ಕವರನ್ನು ಅಣ್ಣನ ಮುಂದಿನ ಟೀಪಾಯಿ ಮೇಲೆ ಇಟ್ಟೆ. ಅತ್ತಿಗೆ ನಗುತ್ತ, “ಯಾಕಮ್ಮ, ಬಣ್ಣ ಹಿಡಿಸ್ನಿಲ್ವಾ? ಬದ್ಲಿಸಿ ತರ್ಸಲಾ?” ಎಂದಳು. ಬಣ್ಣ ಚೆನ್ನಾಗಿದೆ, ಇನ್ನು ಮೇಲೆ ಕಳಿಸಬೇಡಿ ಎಂದೆ. ಅಣ್ಣನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು. “ಆ ಹೆಣ್ಣಿಗೋಸ್ಕರ ತವರು ಬಿಡ್ತೀಯಾ?” ಎಂದ. “ತವರಿಗೋಸ್ಕರ ಹೆಣ್ಣು ಬಿಟ್ಟೆನಲ್ಲ, ಅವತ್ತು ನೀ ಕೇಳ್ನಿಲ್ಲ” ಎಂದೆ. ಆಮೇಲೆ ಕಾರ್ತಿಕೇಯನ್‌ನನ್ನು ಬಾಗಿಲವರೆಗೆ ಕರೆದೆ. ಅವನು ಚಪ್ಪಲಿ ಹಾಕಿಕೊಳ್ಳದೆ ಬಂದ. ಅವನಿಗೆ ಒಂದೇ ಮಾತು ಹೇಳಿದೆ. ಅವನು ಬಾಗಿಲು ಹಿಡಿದುಕೊಂಡು ನಿಂತ. ಏನು ಹೇಳಿದೆ ಎಂಬುದು ಸದ್ಯಕ್ಕೆ ನನ್ನಲ್ಲಿರಲಿ.

ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಕಿಟಕಿಯ ಪಕ್ಕದ ಹೆಂಗಸು ಇಡೀ ದಾರಿ ಬಣ್ಣದ ಮಿಠಾಯಿ ಒಡೆಯುತ್ತಿದ್ದಳು, ನಾನು ಅದನ್ನೇ ನೋಡುತ್ತ ಬಂದೆ.

ಮಧ್ಯಾಹ್ನ ಮೂರಕ್ಕೆ ಮನೆ ಮುಟ್ಟಿದೆ. ನೇರ ಹಿತ್ತಿಲಿಗೆ ಹೋಗಿ, ಅದೇ ತೊಟ್ಟಿಯಿಂದ, ಅರವತ್ತನಾಲ್ಕು ವರ್ಷದ ಈ ತಲೆಗೆ ಮೂರು ಚೊಂಬು ನೀರು ಸುರಿದುಕೊಂಡೆ. ನಿನ್ನ ಅಪ್ಪ ಗಾಬರಿಯಾಗಿ, ಯಾರು ಹೋದರು ಎಂದು ಕೇಳಿದರು. ನನ್ನ ಅಣ್ಣ ಎಂದೆ.

ಇದರಿಂದ ನಿನ್ನ ಲೆಕ್ಕ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ನಿನಗಾಗಿ ಮಾಡಿದ ಸ್ನಾನವನ್ನು ಹಿಂದಕ್ಕೆ ಮಾಡಲು ಬರುವುದಿಲ್ಲ, ಅದಕ್ಕೆ ನಮ್ಮಲ್ಲಿ ಶಾಸ್ತ್ರವೇ ಇಲ್ಲ. ಬಾ ಎಂದು ಕರೆಯುವ ಮುಖವೂ ನನಗಿಲ್ಲ, ಆದ್ದರಿಂದ ಕರೆಯುತ್ತಿಲ್ಲ. ಹೊಸ್ತಿಲಿಗೆ ಇದ್ದ ಕಾವಲು ತೆಗೆದಾಗಿದೆ, ಅಷ್ಟು ತಿಳಿಸುತ್ತಿದ್ದೇನೆ. ನಾನು ಸತ್ತಾಗ ತವರಿನ ಸೀರೆ ಬರುವುದಿಲ್ಲ. ಬರಬಾರದೆಂದು ನಾನೇ ಹೋಗಿ ಹೇಳಿ ಬಂದಿದ್ದೇನೆ.

ಇಂತಿ,
ಕಮಲಾತಾಳ್
(ಹಿಟ್ಟಿನ ಮೇಲೆ ನಿನ್ನ ಬೆರಳು ತಿದ್ದಿಸಿದವಳು)

ಮರೆತದ್ದು: ಮರೆತದ್ದು ಎಂದು ಬರೆಯುವುದು ರೂಢಿ. ಇದನ್ನು ನಾನು ಒಂದು ದಿನವೂ ಮರೆತಿಲ್ಲ. ನಿಶ್ಚಯದ ಹಿಂದಿನ ದಿನ ಬೆಳಿಗ್ಗೆ, ನಮ್ಮ ಹೊಲದ ಮೋಟಾರು ಶೆಡ್ಡಿನ ಹತ್ತಿರ, ಒಬ್ಬನೇ ಬಂದಿದ್ದ ಕಾರ್ತಿಕೇಯನ್ ನಿನ್ನ ಕಾಲು ಹಿಡಿದುಕೊಂಡಿದ್ದ. ಕರೂರಿನ ಹುಡುಗಿಯನ್ನು ಆಗಲೇ ರಿಜಿಸ್ಟರ್ ಮದುವೆಯಾಗಿದ್ದೇನೆ, ಅಪ್ಪನಿಗೆ ಹೇಳುವ ಧೈರ್ಯವಿಲ್ಲ, ಬೇಡ ಎಂದು ನೀನೇ ಹೇಳಿಬಿಡು, ನನ್ನ ಹೆಸರು ತರಬೇಡ ಎಂದು ಅತ್ತ. ನೀನು ಆಗಲಿ ಎಂದೆ. ಶೆಡ್ಡಿನ ಆಚೆ ಬದಿಯಲ್ಲಿ ಜೋಳದ ಸೊಪ್ಪೆ ಕಟ್ಟುತ್ತ ನಾನಿದ್ದೆ. ಎಲ್ಲವನ್ನೂ ಕೇಳಿಸಿಕೊಂಡೆ. ಮರುದಿನ ಅಷ್ಟು ಜನರ ಮುಂದೆ ನೀನು ನೆಲ ನೋಡುತ್ತ ನಿಂತಾಗ ನಾನು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಿದ್ದರೆ ನನ್ನ ಅಣ್ಣನ ತಲೆ ಬಾಗುತ್ತಿತ್ತು. ಯಾರ ತಲೆ ಬಾಗಬೇಕು ಎಂದು ನಾನು ಆರಿಸಿದೆ. ಶುಕ್ರವಾರ ಬಾಗಿಲಲ್ಲಿ ಅವನಿಗೆ ಹೇಳಿದ್ದು ಇಷ್ಟೇ, ಆ ದಿನ ಸೊಪ್ಪೆ ಕಟ್ಟುತ್ತಿದ್ದವಳು ನಾನು ಎಂದು.

ನಿನ್ನ ಬೋರ್ಡಿನಲ್ಲಿ ಹನ್ನೆರಡು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂದಳು ಗೋಕಿಲಾ. ಇದು ಅದರಲ್ಲಿ ಹಿಡಿಯುತ್ತಿರಲಿಲ್ಲ. ಅದಕ್ಕೇ ಕಾಗದ.